ಸಂಪಾದಕರ ಉತ್ತರ: ಸಂದರ್ಶನ ಮುಗಿದ ಮೇಲೆ ಬರೆಯುವ ಕಾಗದ

ದಾವಣಗೆರೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ, ಹೆಸರು ಹಾಕಬೇಡಿ ಎಂದಿದ್ದಾರೆ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದವರು. ಬೆಂಗಳೂರಿನ ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸಕ್ಕೆ ಸಂದರ್ಶನ ಕೊಟ್ಟು ಬಂದಿದ್ದಾರೆ. ‘ಮುಂದಿನ ವಾರ ತಿಳಿಸ್ತೀವಿ’ ಅಂದವರು ಆಮೇಲೆ ಸುದ್ದಿಯೇ ಇಲ್ಲ. ಥ್ಯಾಂಕ್ಯೂ ಲೆಟರ್ ಕಳಿಸಲೇಬೇಕು ಎಂದು ಗೆಳತಿ ಹೇಳುತ್ತಾಳಂತೆ. ಕೆಲಸ ಕೇಳಿ ಬಂದವರು ಮತ್ತೆ ಕಾಗದ ಬರೆದರೆ ಬೆಲೆ ಹೋಗುತ್ತದೆ ಎನ್ನುವುದು ಸೋದರಮಾವನ ಮಾತು. ಇಂಟರ್ನೆಟ್‌ನಿಂದ ಇಳಿಸಿಕೊಂಡ ಇಂಗ್ಲಿಷ್ ಮಾದರಿಯೊಂದನ್ನು ನಮಗೆ ಕಳಿಸಿ, ಇದನ್ನೇ ಕಳಿಸಲೇ ಎಂದು ಕೇಳಿದ್ದಾರೆ. ಸರ್ಕಾರಿ ನಿಗಮವೊಂದರಲ್ಲೂ ಸಂದರ್ಶನ ಆಗಿದೆಯಂತೆ, ಅಲ್ಲಿಗೂ ಬರೆಯಬೇಕೇ ಎಂಬ ಪ್ರಶ್ನೆಯೂ ಇದೆ.

ಆ ಮಾದರಿಯನ್ನು ಕಳಿಸಬೇಡಿ. ‘ತಮ್ಮ ಅಮೂಲ್ಯ ಸಮಯಕ್ಕೆ ಕೃತಜ್ಞಳು, ತಮ್ಮ ಪ್ರತಿಷ್ಠಿತ ಸಂಸ್ಥೆಯ ಭಾಗವಾಗಲು ಉತ್ಸುಕಳು’ ಎನ್ನುವಂಥ ಸಾಲುಗಳಲ್ಲಿ ನೀವೂ ಇಲ್ಲ, ಆ ಕಾರ್ಖಾನೆಯೂ ಇಲ್ಲ. ಕಾರ್ಖಾನೆಯ ಹೆಸರು ಅಳಿಸಿ ಬ್ಯಾಂಕಿನ ಹೆಸರು ಬರೆದರೂ ಅದು ಹಾಗೇ ನಡೆಯುತ್ತದೆ. ಎಚ್‌ಆರ್ ವಿಭಾಗದವರು ಇಂಥವನ್ನು ಓದದೆಯೇ ಗುರುತಿಸುತ್ತಾರೆ.

ಬರೆಯಬೇಕಾದ್ದು ನೀವು ನಮಗೆ ಬರೆದ ಪತ್ರದಲ್ಲೇ ಇದೆ. ಮ್ಯಾನೇಜರ್ ನಿಮ್ಮ ಕೈಗೆ ವರ್ನಿಯರ್ ಕ್ಯಾಲಿಪರ್ ಎಂಬ ಅಳತೆಯ ಉಪಕರಣ ಕೊಟ್ಟು ಅದರ ಲೀಸ್ಟ್ ಕೌಂಟ್, ಅಂದರೆ ಅದರಲ್ಲಿ ಅಳೆಯಬಹುದಾದ ಅತಿ ಸಣ್ಣ ಅಳತೆ, ಎಷ್ಟು ಎಂದು ಕೇಳಿದರು, ನೀವು ಗಾಬರಿಯಲ್ಲಿ 0.01 ಮಿಲಿಮೀಟರ್ ಅಂದುಬಿಟ್ಟಿರಿ. ಅದು ಮೈಕ್ರೋಮೀಟರ್ ಎಂಬ ಇನ್ನೊಂದು ಉಪಕರಣದ್ದು, ಅವರು ಕೊಟ್ಟದ್ದರ ಅಳತೆ 0.02 ಎಂದು ಹೊಳೆದದ್ದು ಊರಿನ ಬಸ್ಸು ತುಮಕೂರು ದಾಟುವಾಗ. ಇದನ್ನೇ ಬರೆಯಿರಿ. ಸಂದರ್ಶನದಲ್ಲಿ ತಡವರಿಸುವವರು ಬೇಕಾದಷ್ಟು ಜನ. ತಪ್ಪು ಅಳತೆ ಹೇಳಿದ್ದೆ, ಸರಿಯಾದದ್ದು ಇದು ಎಂದು ತಾವಾಗಿಯೇ ಬಂದು ಹೇಳುವವರು ಕಡಿಮೆ. ಕ್ವಾಲಿಟಿ ವಿಭಾಗದವರು ದಿನವಿಡೀ ಹುಡುಕುವುದು ಅಂಥವರನ್ನೇ. ಹೀಗೆ ಬರೆಯಬಹುದಿತ್ತು:

‘ನಮಸ್ಕಾರ ಸರ್. ನಿನ್ನೆ ಕ್ವಾಲಿಟಿ ಇನ್‌ಸ್ಪೆಕ್ಟರ್ ಸಂದರ್ಶನಕ್ಕೆ ಬಂದಿದ್ದೆ. ಶಾಪ್ ಫ್ಲೋರ್ ಸುತ್ತಾಡಿಸಿ ತೋರಿಸಿದ್ದಕ್ಕೆ ಧನ್ಯವಾದ. ನೀವು ಕೊಟ್ಟ ವರ್ನಿಯರ್‌ನ ಲೀಸ್ಟ್ ಕೌಂಟ್ 0.01 ಎಂದು ಹೇಳಿದ್ದೆ, ಅದು 0.02. ಬುಷ್‌ಗಳ ಒಳವ್ಯಾಸವನ್ನು ಬೋರ್ ಗೇಜ್‌ನಲ್ಲಿ ನೋಡುತ್ತಿದ್ದರು, ಆ ಗೇಜ್ ಬಳಸಿ ನನಗೆ ಅಭ್ಯಾಸವಿದೆ. ಶಿಫ್ಟ್ ಕೆಲಸಕ್ಕೆ ನನ್ನ ಒಪ್ಪಿಗೆ ಇದೆ.’

ಇಷ್ಟು ಸಾಕು. ಸಂದರ್ಶನದ ಮಾರನೇ ದಿನವೇ, ನಿಮಗೆ ಕರೆ ಕಳಿಸಿದ ಇಮೇಲ್‌ಗೇ ಉತ್ತರವಾಗಿ ಹೋಗಲಿ, ಹಳೆಯ ಪತ್ರವ್ಯವಹಾರ ಕೆಳಗೇ ಇರುತ್ತದೆ. ಮ್ಯಾನೇಜರ್ ವಿಳಾಸ ಗೊತ್ತಿಲ್ಲದಿದ್ದರೆ, ಇದನ್ನು ಅವರಿಗೆ ತಲುಪಿಸಿ ಎಂದು ಎಚ್‌ಆರ್‌ಗೆ ಕೇಳಿಕೊಳ್ಳಿ. ಯಾರಿಂದಲೋ ನಂಬರ್ ಸಂಪಾದಿಸಿ ರಾತ್ರಿ ವಾಟ್ಸಾಪ್ ಮಾಡುವುದು ಬೇಡ. ಭಾಷೆ? ಅವರ ಪತ್ರ ಇಂಗ್ಲಿಷಿನಲ್ಲಿದ್ದರೆ ಇದನ್ನೇ ಸರಳ ಇಂಗ್ಲಿಷಿನಲ್ಲಿ ಬರೆಯಿರಿ. ಮಾತೆಲ್ಲ ಕನ್ನಡದಲ್ಲೇ ನಡೆದಿತ್ತು ಎಂದಾದರೆ ಮ್ಯಾನೇಜರ್‌ಗೆ ಕನ್ನಡದಲ್ಲಿ ಬರೆಯಲು ಸಂಕೋಚವೇಕೆ?

ನಿಮ್ಮ ಸೋದರಮಾವನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕೆಲಸಕ್ಕಾಗಿ ಅಂಗಲಾಚಿದವರಿಗೆ ಬೆಲೆ ಸಿಗದ್ದನ್ನು ಅವರು ಕಂಡಿರಬೇಕು. ಆ ಮಾದರಿಯ ಕೊನೆಗೆ ನೀವೇ ಒಂದು ಸಾಲು ಸೇರಿಸಿದ್ದೀರಿ: ‘ತಂದೆಗೆ ಹುಷಾರಿಲ್ಲ, ಮನೆ ನನ್ನ ಮೇಲೇ ನಿಂತಿದೆ, ದಯವಿಟ್ಟು ಪರಿಗಣಿಸಿ.’ ಓದಿ ಕರುಳು ಚುರುಕ್ ಎಂದಿತು. ಆದರೂ ಅದನ್ನು ತೆಗೆಯಿರಿ. ಆಯ್ಕೆ ಮಾಡುವವರು ನಿಮ್ಮ ಮೇಲೆ ಮರುಕಪಟ್ಟರೂ ಅದನ್ನು ಫೈಲಿನಲ್ಲಿ ಕಾರಣವಾಗಿ ಬರೆಯಲಾರರು. ಇನ್ನೊಂದು ಅಪಾಯವೂ ಇದೆ. ನಿಮಗೆ ಈ ಕೆಲಸ ಎಷ್ಟು ಅನಿವಾರ್ಯ ಎಂದು ಮೊದಲೇ ಗೊತ್ತಾದರೆ ಸಂಬಳದ ಮಾತಿನಲ್ಲಿ ನಿಮ್ಮ ಕೈ ಕೆಳಗಾಗುತ್ತದೆ. ಕೆಲಸ ಬೇಕು ಎನ್ನಿ, ನಿಮಗೇನು ಬರುತ್ತದೆ ಎನ್ನಿ. ಅದರಲ್ಲಿ ಅಂಗಲಾಚುವುದೇನೂ ಇಲ್ಲ.

ಇನ್ನು ಅವರ ಮೌನ. ‘ಮುಂದಿನ ವಾರ’ ಅಂದಮೇಲೆ ಆ ವಾರ ಮುಗಿದು ಎರಡು ಮೂರು ಕೆಲಸದ ದಿನ ಬಿಟ್ಟು ಕೇಳುವುದು ನಿಮ್ಮ ಹಕ್ಕು. ಸಂದರ್ಶನದ ತಾರೀಖು, ಹುದ್ದೆಯ ಹೆಸರು, ತೀರ್ಮಾನ ಆಗಿದೆಯೇ ಎಂಬ ಒಂದು ಪ್ರಶ್ನೆ, ಇಷ್ಟಿದ್ದರೆ ಸಾಕು. ಉತ್ತರ ಬರದಿದ್ದರೆ ವಾರ ಹತ್ತು ದಿನ ಬಿಟ್ಟು ಇನ್ನೊಮ್ಮೆ ಕೇಳಿ. ಆಮೇಲೆ ಬಿಟ್ಟುಬಿಡಿ, ಬೇರೆ ಅರ್ಜಿಗಳ ಕಡೆ ಗಮನ ಕೊಡಿ. ಸುದ್ದಿ ಇಲ್ಲ ಎಂದರೆ ತಿರಸ್ಕಾರವೇ ಎಂದುಕೊಳ್ಳಬೇಡಿ. ಎಷ್ಟೋ ಸಲ ಮೊದಲು ಆಯ್ಕೆಯಾದವರು ಹಳೆಯ ಕಂಪನಿಯ ನೋಟಿಸ್ ಅವಧಿಯಲ್ಲಿರುತ್ತಾರೆ, ಅವರು ಬಂದು ಸೇರುವ ತನಕ ಉಳಿದವರಿಗೆ ಏನನ್ನೂ ಹೇಳುವುದಿಲ್ಲ. ಅವರು ಬಾರದೇ ಹೋದಾಗ ಪಟ್ಟಿಯ ಎರಡನೆಯವರಿಗೆ ಫೋನ್ ಹೋಗುತ್ತದೆ. ಹಾಗೆಂದು ಈ ಮೌನವನ್ನು ನಾನು ಸಮರ್ಥಿಸುವುದಿಲ್ಲ. ದಾವಣಗೆರೆಯಿಂದ ರಾತ್ರಿ ಬಸ್ಸಿನಲ್ಲಿ ಕೂತು ಬಂದ ಹುಡುಗಿಗೆ ‘ಆಗಲಿಲ್ಲ’ ಎಂದು ಒಂದು ಸಾಲು ಬರೆಯುವುದು ಯಾವ ಕಾರ್ಖಾನೆಗೂ ಭಾರವಲ್ಲ. ಎಚ್‌ಆರ್‌ನಲ್ಲಿರುವ ನಮ್ಮ ಓದುಗರು ಇದನ್ನು ದಯವಿಟ್ಟು ಗಮನಿಸಬೇಕು.

ಈ ನಡುವೆ ಯಾರಾದರೂ ಫೋನ್ ಮಾಡಿ, ನೀವು ಆಯ್ಕೆಯಾಗಿದ್ದೀರಿ, ಯೂನಿಫಾರ್ಮಿಗೆ, ಟ್ರೈನಿಂಗಿಗೆ ದುಡ್ಡು ಹಾಕಿ ಎಂದರೆ ಒಂದು ರೂಪಾಯಿಯನ್ನೂ ಹಾಕಬೇಡಿ.

ನಿಗಮದ ವಿಷಯದಲ್ಲಿ ನನ್ನ ಉತ್ತರ ಪೂರ್ತಿ ಬೇರೆ. ಅಲ್ಲಿ ಸಂದರ್ಶಕರಿಗೆ ಧನ್ಯವಾದವನ್ನೂ ಬರೆಯಬೇಡಿ. ಯಾವುದೇ ರೀತಿಯ ಪ್ರಭಾವ ಬೀರಲು ಯತ್ನಿಸಿದರೆ ಅನರ್ಹ ಎಂಬ ಷರತ್ತು ಸರ್ಕಾರಿ ನೇಮಕಾತಿ ಅಧಿಸೂಚನೆಗಳಲ್ಲಿ ಸಾಮಾನ್ಯ, ನಿಮ್ಮದನ್ನು ತೆಗೆದು ನೋಡಿ. ಸಂದರ್ಶನದಲ್ಲಿ ವಶೀಲಿ ನಡೆಯುತ್ತದೆ ಎಂಬ ದೂರಿನಿಂದಲೇ ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ತನ್ನ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಅಂತಿಮ ಪಟ್ಟಿ ಬಂದಮೇಲೆ ನಿಮ್ಮ ಅಂಕ ತಿಳಿಯಬೇಕೆಂದರೆ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು.

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ‘ನಿನ್ನೆ ಬಂದಿದ್ದೆ’ ಎಂದು ಬರೆಯುವ ಕಾಲ ಮುಗಿದಿರುತ್ತದೆ. ಪೀಣ್ಯಕ್ಕೆ ನೀವು ಈಗ ಬರೆಯಬೇಕಾದ್ದು ತೀರ್ಮಾನ ಏನಾಯಿತು ಎಂದು ಕೇಳುವ ಪತ್ರ. 0.02ರ ತಿದ್ದುಪಡಿಯನ್ನು ಅದರಲ್ಲೇ ಸೇರಿಸಿ, ತಡವಾಯಿತೆಂದು ಬಿಡಬೇಡಿ. ಕಳಿಸುವ ಮೊದಲು ಒಬ್ಬರು ಓದಿದರೆ ಒಳ್ಳೆಯದು ಅನ್ನಿಸಿದರೆ ನಮ್ಮ ವಿಳಾಸಕ್ಕೆ ಹಾಕಿ, ನೋಡಿ ಕೊಡುತ್ತೇನೆ.