ಎಡಿಎಚ್‌ಡಿ (ಗಮನ ನಿಲ್ಲದಿರುವ, ಚಡಪಡಿಕೆಯ ತೊಂದರೆ) ಇರುವ ವಯಸ್ಕರು ನಿಜವಾಗಿಯೂ ಹೆಚ್ಚು ಸೃಜನಶೀಲರೇ?

ಅರ್ಧ ನಿಜ. ಹೊಸ ಐಡಿಯಾ ಹೊಳೆಯುವುದರಲ್ಲಿ ಅವರು ಎಷ್ಟೋ ಸಲ ಮುಂದೆ. ಹೊಳೆದದ್ದರಲ್ಲಿ ಸರಿಯಾದ ಒಂದನ್ನು ಆರಿಸಿ ಮುಗಿಸುವುದರಲ್ಲಿ ಹಾಗೇನಿಲ್ಲ.

ಒಂದು ಕಾರಣ, ಗಮನದ ಜರಡಿ. 'ಈಗ ಇದು ಬೇಡ' ಎಂದು ಸಂಬಂಧವಿಲ್ಲದ ಯೋಚನೆಗಳನ್ನು ಮಿದುಳು ತಡೆಯುತ್ತಲೇ ಇರುತ್ತದೆ. ಎಡಿಎಚ್‌ಡಿಯಲ್ಲಿ ಈ ಜರಡಿಯ ಕಣ್ಣು ದೊಡ್ಡದು. ಇಟ್ಟಿಗೆ ಎಂದರೆ ಗೋಡೆ ಎಂದು ನಿಲ್ಲುವುದಿಲ್ಲ. ಬಾಗಿಲು ಬಡಿಯದಂತೆ ಇಡುವ ತಡೆ, ಹಿಮ್ಮಡಿ ಉಜ್ಜುವ ಕಲ್ಲು, ಹೀಗೆ ಮನಸ್ಸು ಓಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹಾಲಿ ವೈಟ್ ಮತ್ತು ಪ್ರೀತಿ ಶಾ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಬಳಕೆಯ ವಸ್ತುವಿಗೆ ಹೊಸ ಉಪಯೋಗ ಹೇಳುವ ಪರೀಕ್ಷೆಯಲ್ಲಿ ಎಡಿಎಚ್‌ಡಿ ಇದ್ದವರೇ ಮುಂದಿದ್ದರು. ಮೂರು ಪದಗಳನ್ನು ಬೆಸೆಯುವ ಒಂದೇ ಪದ ಹುಡುಕುವ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಅದೇ ಜರಡಿ, ಅಲ್ಲಿ ಲಾಭ, ಇಲ್ಲಿ ನಷ್ಟ!

ಆದರೆ ಎಡಿಎಚ್‌ಡಿಯನ್ನು 'ವರ' ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. 2020ರ ಒಂದು ಸಂಶೋಧನಾ ಪರಾಮರ್ಶೆಯ ಪ್ರಕಾರ, ಐಡಿಯಾಗಳ ಈ ಲಾಭ ಸ್ಪಷ್ಟವಾಗಿ ಕಂಡದ್ದು ಲಕ್ಷಣಗಳಿದ್ದೂ ಕಾಯಿಲೆಯ ಮಟ್ಟ ಮುಟ್ಟದವರಲ್ಲಿ. ಇನ್ನು ಮಾತ್ರೆ ನುಂಗಿದರೆ ಕಲೆ ಸಾಯುತ್ತದೆ ಎಂಬ ಭಯ? ಒಟ್ಟಾರೆಯಾಗಿ ಅಂಥ ಹಾನಿ ಅದೇ ಪರಾಮರ್ಶೆಯಲ್ಲಿ ಕಂಡುಬಂದಿಲ್ಲ.