ಕೋರ್ಸಿಗೆ ಟೈಮ್ ಹುಡುಕುವ ಮೊದಲು ನಿಮ್ಮ ಮಷೀನಿನ ಒಂದು ಗಂಟೆಯ ಖರ್ಚು ಲೆಕ್ಕ ಹಾಕಿ

ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತಿದರೆ ಇಳಿಸುವುದು ರಾತ್ರಿ ಹತ್ತಕ್ಕೆ, ಬಿಸಿನೆಸ್ ಕಲಿಯೋಕೆ ಟೈಮ್ ಎಲ್ಲಿಂದ ತರಲಿ, ಭಾನುವಾರದ ಕ್ಲಾಸ್ ಒಳ್ಳೆಯದೋ ಆನ್‌ಲೈನ್ ಒಳ್ಳೆಯದೋ ಅಂತ ಕೇಳಿದ್ದೀರಿ. 2018ರಲ್ಲಿ ನಾನೂ ಸಿಕ್ಕಸಿಕ್ಕವರನ್ನೆಲ್ಲ ಇದನ್ನೇ ಕೇಳುತ್ತಿದ್ದೆ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ನನ್ನದೊಂದು ಸಣ್ಣ ಮಷೀನ್ ಶಾಪ್ ಇದೆ. ಎರಡು ಹಳೇ ಲೇತ್‌ನಿಂದ ಶುರುವಾದದ್ದು. 2017ರ ಕೊನೆಯಲ್ಲಿ 28 ಲಕ್ಷ ಸಾಲ ಮಾಡಿ ಒಂದು ವಿಎಂಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮಷೀನ್ ತಂದೆ. ಐದು ವರ್ಷದ ಸಾಲ, ತಿಂಗಳ ಕಂತು ಹೆಚ್ಚುಕಡಿಮೆ 61 ಸಾವಿರ. ಮಷೀನ್ ಬಂದ ಮೂರೇ ತಿಂಗಳಿಗೆ ಎರಡು ಶಿಫ್ಟಿಗೂ ಕೆಲಸ ತುಂಬಿತು. ಸೆಟ್ಟಿಂಗ್, ಅಂದರೆ ಪ್ರತಿ ಹೊಸ ಕೆಲಸಕ್ಕೆ ಮಷೀನನ್ನು ಅಣಿಮಾಡುವುದು ನಾನೇ, ಡೆಲಿವರಿ ನಾನೇ, ಪೇಮೆಂಟಿಗೆ ಫೋನ್ ಮಾಡುವವನೂ ನಾನೇ. ಊಟದ ಡಬ್ಬಿ ಎಷ್ಟೋ ದಿನ ತೆರೆಯದೇ ಮನೆಗೆ ವಾಪಸ್ ಹೋಗುತ್ತಿತ್ತು. ಇಷ್ಟಾಗಿಯೂ ತಿಂಗಳ ಕೊನೆಗೆ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಖಾತೆಯಿಂದ ದುಡ್ಡು ತೆಗೆದು ಸಂಬಳ ಕೊಡುತ್ತಿದ್ದೆ. ನನಗೆ ಮ್ಯಾನೇಜ್‌ಮೆಂಟ್ ಬರುವುದಿಲ್ಲ, ಅದಕ್ಕೇ ಹೀಗೆ ಅಂದುಕೊಂಡು 45 ಸಾವಿರ ಕಟ್ಟಿ ಹನ್ನೆರಡು ಭಾನುವಾರದ ಒಂದು ಕೋರ್ಸಿಗೆ ಸೇರಿದೆ. ಗುರಿ ಬರೆಯುವುದು, ಬ್ರ್ಯಾಂಡ್ ಕಟ್ಟುವುದು, ತಂಡ ಬೆಳೆಸುವುದು ಹೇಳಿಕೊಟ್ಟರು. ಹೇಳಿದ್ದು ತಪ್ಪೇನಲ್ಲ. ನನ್ನ ಗಾಯ ಇದ್ದದ್ದು ಬೇರೆ ಕಡೆ.

ಆ ಗಾಯದ ಬಗ್ಗೆ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಎರಡು ವರ್ಷ ತಿಂದದ್ದು ಅದೇ.

ವಿಎಂಸಿಗೆ ಗಂಟೆಗೆ 400 ರೂಪಾಯಿ ರೇಟು ಹಾಕಿದ್ದೆ. ಅಕ್ಕಪಕ್ಕದವರು 420, 450 ಅನ್ನುತ್ತಿದ್ದರು, ಸ್ವಲ್ಪ ಕಡಿಮೆ ಇದ್ದರೆ ಕೆಲಸ ಬರುತ್ತದೆ ಅಂತ. ಕಣ್ಣು ಮುಚ್ಚಿ ಹಾಕಿದ್ದೂ ಅಲ್ಲ, ಲೆಕ್ಕ ಮಾಡಿದ್ದೆ. ಇಬ್ಬರು ಆಪರೇಟರ್‌ಗೆ 36 ಸಾವಿರ, ಕರೆಂಟು 20, ಬಾಡಿಗೆಯಲ್ಲಿ ಆ ಮಷೀನಿನ ಪಾಲು 12, ಆಯಿಲ್ಲು, ರಿಪೇರಿ 8, ಕಂತು 61. ಒಟ್ಟು 1 ಲಕ್ಷ 37 ಸಾವಿರ. ದಿನಕ್ಕೆ 16 ಗಂಟೆ, ತಿಂಗಳಿಗೆ 26 ದಿನ, ಅಂದರೆ 416 ಗಂಟೆ. ಭಾಗಿಸಿದರೆ ಗಂಟೆಗೆ 329. ನಾನು ತೆಗೆದುಕೊಳ್ಳುವುದು 400, ಉಳಿಯುವುದು 71. ಇದನ್ನೇ ನಂಬಿಕೊಂಡು ಬದುಕಿದೆ.

ನಮ್ಮ ಶೆಡ್ಡಿನ ಓನರ್‌ಗೆ ಭಾವ ಆಗಬೇಕಾದ ಒಬ್ಬರು ಹಿರಿಯರು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ವೆಚ್ಚದ ಲೆಕ್ಕದ ವಿಭಾಗದಲ್ಲಿದ್ದು ನಿವೃತ್ತರಾದವರು. ಒಂದು ಸಂಜೆ ಬಾಡಿಗೆ ಚೆಕ್ ತಗೊಂಡು ಹೋಗಲು ಬಂದವರು ನನ್ನ ಹಾಳೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಏನಪ್ಪಾ, 416 ಗಂಟೆಗೂ ನೀನು ಬಿಲ್ ಮಾಡ್ತೀಯಾ?’

ನನ್ನ ಬಾಯಲ್ಲಿ ಉತ್ತರ ಇರಲಿಲ್ಲ. ಮರುದಿನದಿಂದ ಮಷೀನಿನ ಪಕ್ಕ ಒಂದು ನೋಟ್‌ಬುಕ್ ನೇತುಹಾಕಿದೆವು. ಮಷೀನ್ ಯಾವಾಗ ನಿಂತಿತು, ಯಾಕೆ ನಿಂತಿತು, ಅಷ್ಟೇ ಬರೆಯುವುದು. ಹೊಸ ಜಾಬ್ ಏರಿಸಲು ಎರಡು ಗಂಟೆ. ಪೀಸ್ ಹಾಕಿ ತೆಗೆಯುವ ಎರಡೆರಡು ನಿಮಿಷ. ಕೆಲಸಕ್ಕೆ ದರದ ಕೋಟ್ ಕೊಡುವಾಗ ನಾನು ಕಟಿಂಗ್ ಟೈಮ್ ಮಾತ್ರ ಹಿಡಿದಿದ್ದೆ. ಕರೆಂಟ್ ಹೋದದ್ದು, ಆಪರೇಟರ್ ರಜೆ, ಪಾರ್ಟಿಯಿಂದ, ಅಂದರೆ ಕೆಲಸ ಕೊಟ್ಟ ಗಿರಾಕಿಯಿಂದ ಎರಕದ ಪೀಸ್ ಬರದೇ ಕಾದದ್ದು. ತಿಂಗಳ ಕೊನೆಗೆ ಕೂಡಿದರೆ ಬಿಲ್ ಆಗುವ ಗಂಟೆ 300 ಮಾತ್ರ.

ಖರ್ಚಿನಲ್ಲೂ ಎರಡು ಬಿಟ್ಟಿದ್ದೆ. ಇನ್ಸರ್ಟ್, ಎಂಡ್‌ಮಿಲ್‌ನಂಥ ಸವೆಯುವ ಕಟಿಂಗ್ ಟೂಲುಗಳಿಗೆ ತಿಂಗಳಿಗೆ 15 ಸಾವಿರ; ಅದು ಟೂಲ್ ಅಂಗಡಿಯ ಉದ್ರಿ ಪುಸ್ತಕದಲ್ಲಿತ್ತು, ನನ್ನ ಲೆಕ್ಕದಲ್ಲಿರಲಿಲ್ಲ. ಇನ್ನೊಂದು ನನ್ನ ಸಂಬಳ. ‘ನಿನ್ನ ಕೆಲಸಕ್ಕೆ ಬೇರೆಯವನನ್ನು ಇಟ್ಟರೆ ಈ ಮಷೀನಿನ ಪಾಲಿಗೆ ಎಷ್ಟು ಬೀಳುತ್ತೆ?’ ಅಂದರು ಆ ಹಿರಿಯರು. 25 ಸಾವಿರ ಬರೆದೆವು. ಒಟ್ಟು 1 ಲಕ್ಷ 77 ಸಾವಿರ, 300ರಿಂದ ಭಾಗಿಸಿದರೆ 590. ನಾನು ತೆಗೆದುಕೊಳ್ಳುತ್ತಿದ್ದದ್ದು 400! ನನ್ನ ಸಂಬಳ ಪಕ್ಕಕ್ಕಿಟ್ಟರೂ ತಿಂಗಳಿಗೆ 32 ಸಾವಿರ ಕೈಯಿಂದ ಹೋಗುತ್ತಿತ್ತು. ಹಳೇ ಲೇತ್‌ಗಳು ದುಡಿದದ್ದನ್ನು ಹೊಸ ಮಷೀನ್ ತಿನ್ನುತ್ತಿತ್ತು. ಅವತ್ತು ರಾತ್ರಿ ಮನೆಯಾಕೆಗೆ ಆ ಹಾಳೆ ತೋರಿಸುವಾಗ ನನ್ನ ಕೈ ನಡುಗಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಟೈಮ್ ಇಲ್ಲದ್ದರಿಂದ ಕಲಿಯಲು ಆಗುತ್ತಿಲ್ಲ ಅನ್ನುತ್ತೀರಿ. ನಾನು ಅದನ್ನು ಒಪ್ಪುವುದಿಲ್ಲ. ನನ್ನ ವಿಷಯದಲ್ಲಿ ಅದು ತಲೆಕೆಳಗಾಗಿತ್ತು: ಕಲಿಯಬೇಕಾದ ಒಂದನ್ನು ಕಲಿಯದೇ ಇದ್ದದ್ದರಿಂದಲೇ ಟೈಮ್ ಇರಲಿಲ್ಲ. ರೇಟು ಕಡಿಮೆ ಇದ್ದದ್ದಕ್ಕೆ ಊರಿನ ಅರ್ಜೆಂಟ್ ಕೆಲಸವೆಲ್ಲ ನನ್ನ ಬಾಗಿಲಿಗೆ ಬರುತ್ತಿತ್ತು. ಹತ್ತು ಪೀಸ್, ಇಪ್ಪತ್ತು ಪೀಸ್, ಪ್ರತಿಯೊಂದಕ್ಕೂ ಹೊಸ ಸೆಟ್ಟಿಂಗ್, ಪ್ರತಿಯೊಂದಕ್ಕೂ ನಾನೇ ನಿಲ್ಲಬೇಕು.

ಹಾಗಂತ ನಷ್ಟದ ಕೆಲಸವನ್ನು ಮರುದಿನವೇ ಬಿಡಬೇಡಿ. ಕಂತು, ಬಾಡಿಗೆ ಹೇಗೂ ಕಟ್ಟಲೇಬೇಕು. ಮಷೀನ್ ಖಾಲಿ ನಿಂತರೆ ಹೊಂಡ ಇನ್ನೂ ಆಳವಾಗುತ್ತದೆ. ನಾನು ಮೊದಲು ಸೆಟ್ಟಿಂಗ್ ಕಡೆ ಕೈ ಹಾಕಿದೆ. ಜಪಾನಿನ ಶಿಗಿಯೋ ಶಿಂಗೊ ಅವರು ಹೇಳಿಕೊಟ್ಟ ವಿಧಾನವೊಂದಿದೆ: ಮಷೀನ್ ಓಡುತ್ತಿರುವಾಗಲೇ ಮುಂದಿನ ಜಾಬಿಗೆ ಬೇಕಾದ ಫಿಕ್ಸ್ಚರ್ (ಪೀಸನ್ನು ಹಿಡಿದಿಡುವ ಸಾಧನ), ಟೂಲು, ಗೇಜು (ಅಳತೆಯ ಸಾಧನ) ಎಲ್ಲ ಜೋಡಿಸಿಟ್ಟುಕೊಳ್ಳುವುದು, ನಿಲ್ಲಿಸಿ ಮಾಡಲೇಬೇಕಾದದ್ದನ್ನು ಮಾತ್ರ ನಿಲ್ಲಿಸಿ ಮಾಡುವುದು. ನಾಲ್ಕು ತಿಂಗಳಲ್ಲಿ ಬಿಲ್ ಆಗುವ ಗಂಟೆ 340ಕ್ಕೆ ಬಂತು, ಖರ್ಚು ಗಂಟೆಗೆ 520ಕ್ಕೆ ಇಳಿಯಿತು. ಆಮೇಲೆ ಹಾಳೆ ಹಿಡಿದು ದೊಡ್ಡ ಪಾರ್ಟಿಗಳ ಹತ್ತಿರ ಹೋದೆ. ಒಬ್ಬರು 560 ಕೊಟ್ಟರು. ಇನ್ನೊಬ್ಬರು ಒಂದು ರೂಪಾಯಿಯೂ ಏರಿಸಲಿಲ್ಲ. ಬದಲಿ ಕೆಲಸ ಸಿಕ್ಕ ಮೇಲೆ ಅವರದ್ದನ್ನು ಬಿಟ್ಟೆ. ಒಬ್ಬ ಸೆಟ್ಟರ್‌ನನ್ನು ಇಟ್ಟುಕೊಂಡೆ. ಏಳು ಗಂಟೆಗೆ ಮನೆ ಸೇರಲು ಶುರುಮಾಡಿದ್ದು ಆಗಿನಿಂದ.

ಆಮೇಲಿನ ಕಲಿಕೆಯೂ ಹೀಗೇ, ನೋಯುವ ಜಾಗದಿಂದಲೇ. ಬಿಲ್ ಮಾಡಿದ ಮರುತಿಂಗಳು 20ರೊಳಗೆ ಜಿಎಸ್‌ಟಿ ಕಟ್ಟಬೇಕು, ಪಾರ್ಟಿ ದುಡ್ಡು ಕೊಡುವುದು 90 ದಿನಕ್ಕೆ. ಇದು ಕುತ್ತಿಗೆಗೆ ಬಂದಾಗ ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಓದಿದೆ: ಒಪ್ಪಂದ ಏನೇ ಇರಲಿ, 45 ದಿನ ದಾಟುವಂತಿಲ್ಲ, ದಾಟಿದರೆ ಬಡ್ಡಿ. 2023-24ರ ಲೆಕ್ಕದಿಂದ ಆದಾಯ ತೆರಿಗೆಯಲ್ಲೂ ಅದಕ್ಕೆ ಹಲ್ಲು ಬಂದಿದೆ. ಪಾರ್ಟಿ ಅವಧಿಯೊಳಗೆ ಕೊಡದಿದ್ದರೆ ಆ ಖರ್ಚನ್ನು ಅವರು ದುಡ್ಡು ಕೊಟ್ಟ ವರ್ಷದಲ್ಲಿ ಮಾತ್ರ ತಮ್ಮ ಆದಾಯದಿಂದ ಕಳೆಯಬಹುದು. ನಾನು ಯಾರ ಮೇಲೂ ದೂರು ಕೊಟ್ಟಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ (ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ನೋಂದಾಯಿಸಿದ ನಂಬರ್) ಅಚ್ಚು ಹಾಕಿಸಿದೆ, ಅವರ ಆಡಿಟರ್ ಕಣ್ಣಿಗೆ ಬಿದ್ದು ಕೆಲವರು ಬೇಗ ಕೊಡತೊಡಗಿದರು.

ನೀವು ದಿನಕ್ಕೆ ಒಂದು ಗಂಟೆ ತೆಗೆದಿಡಿ ಅಂತ ನಾನು ಹೇಳುವುದಿಲ್ಲ, ನಿಮ್ಮ ಕೈಲಿ ಆಗುವುದಿಲ್ಲ. ನಾಳೆ ಬೆಳಿಗ್ಗೆ ಒಂದು ನೋಟ್‌ಬುಕ್ ನೇತುಹಾಕಿ, ಒಂದು ತಿಂಗಳು ಆಪರೇಟರ್ ಕೈಲಿ ಬರೆಸಿ. ತಿಂಗಳ ಕೊನೆಗೆ ಅರ್ಧ ದಿನ ಶೆಡ್ಡಿನಿಂದ ಹೊರಗೆ ಕೂತು ಭಾಗಾಕಾರ ಮಾಡಿ. ಮನೆಯಲ್ಲಿ ಆಗಲಿ, ಆಡಿಟರ್ ಆಫೀಸಿನಲ್ಲಿ ಆಗಲಿ. ನಾನು ಈಗಲೂ ಪ್ರತಿ ತಿಂಗಳ ಮೊದಲ ಗುರುವಾರ ಮಧ್ಯಾಹ್ನ ಫೋನನ್ನು ಸೆಟ್ಟರ್ ಕೈಗೆ ಕೊಟ್ಟು ಇದಕ್ಕೆ ಕೂರುತ್ತೇನೆ.

ಆ ಹಾಳೆ ನೋಡಿದ ಮೇಲೂ ಕೋರ್ಸ್ ಬೇಕು ಅನಿಸಿದರೆ ಕೇಂದ್ರ ಸರ್ಕಾರದ ‘ಸ್ವಯಂ’ (SWAYAM) ಎಂಬ ಕಲಿಕೆಯ ಜಾಲತಾಣದಲ್ಲಿ ವೆಚ್ಚದ ಲೆಕ್ಕದ ಪಾಠಗಳನ್ನು ದುಡ್ಡು ಕೊಡದೆ ನೋಡಬಹುದು. ಒಂದನ್ನೇ ಆರಿಸಿಕೊಳ್ಳಿ, ನಿಮ್ಮದೇ ನೋಟ್‌ಬುಕ್ ಪಕ್ಕದಲ್ಲಿ ತೆರೆದಿಟ್ಟುಕೊಂಡು ನೋಡಿ.