ಕುಟುಂಬ ಚಿಕಿತ್ಸೆಯಲ್ಲಿ ಸಮಾಲೋಚಕರ ಸ್ವಂತ ಹಿನ್ನೆಲೆ ನೆರವೋ, ತೊಡಕೋ?

ನೀವು ಕೇಳಿರುವುದು ಎರಡು ಸಂಗತಿ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ತರಗತಿಯಲ್ಲಿ ಕಲಿಸುವ ಕುಟುಂಬ ಚಿಕಿತ್ಸೆಯ, ಅಂದರೆ ಮನೆಯವರನ್ನೆಲ್ಲ ಸೇರಿಸಿಕೊಂಡು ನಡೆಸುವ ಸಮಾಲೋಚನೆಯ, ಪದ್ಧತಿಗಳೆಲ್ಲ ಹೊರದೇಶದವು, ಅವು ನಮ್ಮ ಕಡೆಯ ಮನೆಗಳಿಗೆ ಒಗ್ಗುತ್ತವೆಯೇ ಎಂಬುದು ಒಂದು. ಕೂಡುಕುಟುಂಬದಲ್ಲಿ ಬೆಳೆದ ನಿಮ್ಮ ಹಿನ್ನೆಲೆ ಈ ಕೆಲಸಕ್ಕೆ ನೆರವೋ ತೊಡಕೋ ಎಂಬುದು ಇನ್ನೊಂದು. ರಾಯಚೂರು ಜಿಲ್ಲೆಯಲ್ಲಿ ಹನ್ನೊಂದು ವರ್ಷಗಳಿಂದ ಆಪ್ತಸಮಾಲೋಚಕನಾಗಿರುವ ನಾನು ಎರಡನೆಯದರಿಂದ ಆರಂಭಿಸುತ್ತೇನೆ.

ನಮಗಿಂತ ಭಿನ್ನವಾದ ಮನೆಯವರು ಬಂದಾಗ ನಾವು ಎಚ್ಚರದಿಂದ ಕೇಳಿ ತಿಳಿದುಕೊಳ್ಳುತ್ತೇವೆ. ನಾನು ಎಡವಿದ್ದು ನಮ್ಮ ಮನೆಯಂಥದೇ ಮನೆಯವರು ಎದುರಿಗೆ ಬಂದಾಗ. ಸಿಂಧನೂರು ಕಡೆಯ ಒಂದು ಒಕ್ಕಲುತನದ ಕುಟುಂಬ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಸೊಸೆಗೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಎಂದು ಬಂದಿತ್ತು. ಮಾವನವರಿಂದ ಮಾತು ಆರಂಭಿಸಿದೆ. ಬಳಿಕ ಅತ್ತೆ, ಮಗ, ಮೈದುನ ಸರದಿಯಂತೆ ಮಾತನಾಡಿದರು. ಎಲ್ಲರೂ ಹೋದ ಮೇಲೆ ಕರಾವಳಿಯಿಂದ ಬಂದಿದ್ದ ಸಹೋದ್ಯೋಗಿಯೊಬ್ಬರು, "ಆ ಹುಡುಗಿ ಮುಕ್ಕಾಲು ಗಂಟೆ ಗೋಡೆಗೆ ಒರಗಿ ನಿಂತೇ ಇದ್ದಳಲ್ಲ ಸರ್, ಪಕ್ಕದಲ್ಲೇ ಕುರ್ಚಿ ಖಾಲಿ ಇತ್ತು" ಎಂದರು. ನನ್ನ ಅವ್ವ ನಮ್ಮ ಮುತ್ಯಾನ, ಅಂದರೆ ತನ್ನ ಮಾವನ, ಎದುರು ಒಮ್ಮೆಯೂ ಕುಳಿತವಳಲ್ಲ. ಹಾಗಾಗಿ ಸೊಸೆ ನಿಂತಿರುವುದು ನನ್ನ ಕಣ್ಣಿಗೆ ಬೀಳುವ ಸಂಗತಿಯೇ ಆಗಿರಲಿಲ್ಲ.

ಆ ಸಹೋದ್ಯೋಗಿಯ ಕಣ್ಣು ಸರಿಯಾಗಿತ್ತು. ಹಿಡಿದ ದಾರಿ ಮಾತ್ರ ಫಲಿಸಲಿಲ್ಲ. ಮುಂದಿನ ಭೇಟಿಯಲ್ಲಿ ಅವರು ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, "ನಿಮ್ಮ ಮನಸ್ಸಿನಲ್ಲಿರುವುದನ್ನು ಮಾವನವರಿಗೆ ನೇರವಾಗಿ ಹೇಳಿ" ಎಂದರು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತಳು. ಮಾವನವರು ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು ಹೊರನಡೆದರು. ಕುಳಿತ ಜಾಗ ಬದಲಿಸಿ ಮನೆಯೊಳಗಿನ ಕಟ್ಟನ್ನು ಬದಲಿಸುವ ಈ ಕ್ರಮ ಕುಟುಂಬ ಚಿಕಿತ್ಸಕ ಸಾಲ್ವಡಾರ್ ಮಿನೂಚಿನ್ ಅವರದು. ಅರ್ಜೆಂಟೀನಾದ ಯಹೂದಿ ವಲಸಿಗರ ಮನೆಯಲ್ಲಿ 1921ರಲ್ಲಿ ಹುಟ್ಟಿ, ನ್ಯೂಯಾರ್ಕಿನ ಬಡ ಕುಟುಂಬಗಳ ನಡುವೆ ದುಡಿದ ಅವರು, ಮೊದಲು ಆ ಮನೆಯ ರೀತಿಯನ್ನು ಒಪ್ಪಿ ಒಳಗೆ ಸೇರಿಕೊಳ್ಳಬೇಕು, ಬದಲಾವಣೆ ಆಮೇಲೆ ಎಂದು ಕಲಿಸಿದವರು. ನಾವು ಕುರ್ಚಿಯನ್ನು ಹಿಡಿದುಕೊಂಡು ಸೇರುವುದನ್ನು ಮರೆತಿದ್ದೆವು.

ಮೂರನೆಯ ಭೇಟಿಗೆ ನೆಲಕ್ಕೆ ಜಮಖಾನ ಹಾಸಿದೆ. ಸೊಸೆ ಅತ್ತೆಯ ಪಕ್ಕ ಅಂಚಿನಲ್ಲಿ ಕುಳಿತಳು. ಇಟಲಿಯ ಕುಟುಂಬ ಚಿಕಿತ್ಸಕರ ಮಿಲಾನ್ ತಂಡದವರು 1980ರಲ್ಲಿ ವಿವರಿಸಿದ ಸುತ್ತು ಪ್ರಶ್ನೆಯ ಕ್ರಮ, ಅಂದರೆ ಇಬ್ಬರ ನಡುವಿನ ಸಂಬಂಧವನ್ನು ಮೂರನೆಯವರಿಂದ ಕೇಳಿ ತಿಳಿಯುವುದು, ಹಿರಿಯರೆದುರು ನೇರ ಮಾತು ಉದ್ಧಟತನವೆನಿಸುವ ನಮ್ಮ ಮನೆಗಳಿಗೆ ಚೆನ್ನಾಗಿ ಹೊಂದುತ್ತದೆಂಬುದು ನನ್ನ ಅನುಭವ. ಮೈದುನನನ್ನು ಕೇಳಿದೆ: "ಅಣ್ಣ ಗುಳೆ ಹೋದಾಗ ಅತ್ತಿಗಿ ಯಾರ ಕೂಡ ಜಾಸ್ತಿ ಮಾತಾಡ್ತಾರಪ್ಪ?" ಹುಡುಗ ಸ್ವಲ್ಪ ಯೋಚಿಸಿ, "ಯಾರ ಕೂಡನೂ ಇಲ್ರಿ. ಎಮ್ಮಿಗೆ ಹುಲ್ಲು ಹಾಕುವಾಗ ಅದರ ಕೂಡ ಮಾತಾಡ್ತಾರ" ಎಂದ. ಮಾವನವರು ಮೊದಲ ಬಾರಿಗೆ ಸೊಸೆಯ ಕಡೆಗೆ ತಿರುಗಿ ನೋಡಿದರು.

ಆದ್ದರಿಂದ ಪದ್ಧತಿ ಹೊರಗಿನದೆಂದು ಬಿಡಬೇಡಿ. ಮನೆಯವರನ್ನು ಚಿಕಿತ್ಸೆಯಲ್ಲಿ ಸೇರಿಸಿಕೊಳ್ಳುವುದು ನಮ್ಮ ದೇಶಕ್ಕೂ ಹೊಸದಲ್ಲ. 1950ರ ದಶಕದಲ್ಲೇ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನು ಮಾನಸಿಕ ಆಸ್ಪತ್ರೆಯ ಅಂಗಳದ ಡೇರೆಗಳಲ್ಲಿ ಉಳಿಸಿಕೊಂಡಿದ್ದರು. ಒಂದೇ ಒಲೆ, ಒಂದೇ ಕೈಯಲ್ಲಿ ಹಣ ಇರುವುದನ್ನು ಕಂಡ ಕೂಡಲೇ ರೋಗವೆಂದು ಬರೆದುಕೊಳ್ಳಲೂ ಬೇಡಿ. ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಹೇಳಿದ ಸ್ವಂತಿಕೆಗೆ ಮನೆ ಒಡೆಯುವುದು ಎಂಬ ಅರ್ಥವಿಲ್ಲ. ಮನೆಯವರ ನಡುವೆ ಇದ್ದುಕೊಂಡೇ ತನ್ನ ವಿಚಾರವನ್ನು ಉಳಿಸಿಕೊಳ್ಳುವುದು ಎಂದರ್ಥ.

ಹೊಡೆತ ಬಡಿತ ಇರುವ ಮನೆಯಲ್ಲಿ ಮಾತ್ರ ಎಲ್ಲರನ್ನೂ ಒಟ್ಟಿಗೆ ಕೂರಿಸಬೇಡಿ. "ನಮ್ಮಲ್ಲಿ ಹಿಂಗೇ ರೀ" ಎಂಬ ಮಾತಿಗೆ ಅಲ್ಲಿ ತಲೆಯಾಡಿಸಬಾರದು. ಆಕೆಯೊಂದಿಗೆ ಒಂಟಿಯಾಗಿ ಮಾತನಾಡಿ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯನ್ನೂ ಅದರಡಿ ನೆರವಿಗೆ ರಕ್ಷಣಾಧಿಕಾರಿ ಎಂಬವರು ಇದ್ದಾರೆಂಬುದನ್ನೂ ತಿಳಿಸಿ.

ಬೋವೆನ್ ಅವರು 1967ರಲ್ಲಿ ತಜ್ಞರ ಸಭೆಯೊಂದರಲ್ಲಿ ತಮ್ಮ ಸ್ವಂತ ಕುಟುಂಬದ ಕಥೆಯನ್ನೇ ಮಂಡಿಸಿದ್ದರು. ನೀವೂ ಮೊದಲ ಕುಟುಂಬವನ್ನು ನೋಡುವ ಮುನ್ನ ನಿಮ್ಮ ಮನೆಯ ಮೂರು ತಲೆಮಾರಿನ ನಕ್ಷೆ ಬರೆಯಿರಿ. ಸೋದರಮಾವನೊಂದಿಗೆ ಆದ ಮದುವೆಗಳಿದ್ದರೆ ಗೆರೆಗಳು ಪಠ್ಯದಲ್ಲಿರುವಂತೆ ಬಿಡಿಬಿಡಿಯಾಗಿ ಬರುವುದಿಲ್ಲ, ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಹಾಗೆಯೇ ಇರಲಿ. ಯಾರು ಯಾರೊಡನೆ ಮಾತು ಬಿಟ್ಟರು, ಯಾರ ಹೆಸರನ್ನು ಮನೆಯಲ್ಲಿ ಎತ್ತುವುದಿಲ್ಲ ಎಂಬುದನ್ನು ಗುರುತಿಸಿ. ಹಿರಿಯರು ಕುಳಿತಾಗ ನಿಮ್ಮ ಅವ್ವ ಎಲ್ಲಿ ನಿಲ್ಲುತ್ತಿದ್ದರು ಎಂಬುದನ್ನೂ ಬರೆದಿಡಿ.